ಮೂರು ಪಾಲು, ಎರಡು ಬಾಗಿಲು

ಕಾರಾ-ಸೂ
೧೭ ಅಕ್ಟೋಬರ್ ೨೦೨೨

ಉಲ್ಪತ್,

ನೀನು ತಲುಪಿದೆ ಅಂತ ಸತಾರಣ್ಣ ಹೇಳಿದ. ಬಿಷ್ಕೆಕ್‌ವರೆಗೂ ಒಂದು ಮಾತೂ ಆಡಲಿಲ್ಲವಂತೆ, ಕಿವಿಗೆ ವೈರು ಸಿಕ್ಕಿಸಿಕೊಂಡು ಕಿಟಕಿ ಕಡೆ ತಿರುಗಿ ಕೂತಿದ್ದೆಯಂತೆ. "ನಿಮ್ಮ ಹುಡುಗಿಗೆ ನನ್ನ ವ್ಯಾನು ಅಷ್ಟು ಬೇಜಾರಾ?" ಅಂತ ಕೇಳಿದ. ಏನು ಹೇಳಲಿ. ಅಪ್ಪನ ನಲವತ್ತನೆಯ ದಿನದ ಊಟ ಆಗಿ ಪಾತ್ರೆ ತೊಳೆಯುವ ಮೊದಲೇ ಚೀಲ ಎತ್ತಿಕೊಂಡು ಹೋದವಳ ಬಗ್ಗೆ ಏನು ಹೇಳಲಿ.

ಈ ಕಾಲದಲ್ಲಿ ಕಾಗದ ಯಾಕೆ ಅನ್ನಬೇಡ. ನಮ್ಮ ಮನೆಯ ಗ್ರೂಪ್‌ನಲ್ಲಿ ನಲವತ್ತಮೂರು ಜನ ಇದ್ದಾರೆ, ಅದರಲ್ಲಿ ಹದಿನೈದು ಜನ ಯಾರು ಅಂತಲೇ ನನಗೆ ಗೊತ್ತಿಲ್ಲ. ಫೋನ್ ಮಾಡಿದರೆ ನಾನು ಅಳುತ್ತೇನೆ, ನೀನು ಸುಮ್ಮನಾಗುತ್ತೀಯ, ಅಷ್ಟರಲ್ಲಿ ಚಾರ್ಜ್ ಮುಗಿಯುತ್ತದೆ. ಸತಾರಣ್ಣನ ಕೈಲಿ ಕೊಟ್ಟರೆ ಒಡೆದು ಓದುವುದಿಲ್ಲ. ಅವನ ಕನ್ನಡಕ ಬೇಸಿಗೆಯಲ್ಲೇ ಕಳೆದಿದೆ.

ನೀನು ಹೋದ ಮೇಲೆ ಆದದ್ದು ಇದು. ಹಿರಿಯರು ಮೂವರು ಇನ್ನೂ ಕೂತಿದ್ದರು. ಮಾಂಬೆತ್ ಅಜ್ಜ ಕೈ ಒರೆಸಿಕೊಂಡು, ಹಲ್ಲಿನ ಸಂದಿಯಿಂದ ಮಾಂಸದ ಎಳೆ ತೆಗೆದು, "ಸರಿ, ಈಗ ಆ ನೋಟ್‌ಬುಕ್ ತನ್ನಿ" ಅಂದ. ಯಾವ ನೋಟ್‌ಬುಕ್ ಅಂತ ನಾವು ಮುಖ ನೋಡಿಕೊಂಡೆವು. ಅಮ್ಮ ತೀರಿಹೋದ ಮೇಲೆ ಯಾರೂ ತೆರೆಯದ ಅವಳ ಪೆಟ್ಟಿಗೆಯಲ್ಲಿ ಕುರಾನ್ ಸುತ್ತಿದ ಬಟ್ಟೆಯೊಳಗೆ ಇತ್ತು, ಶಾಲೆ ಮಕ್ಕಳ ಹಸಿರು ನೋಟ್‌ಬುಕ್. ಅಪ್ಪನ ಅಕ್ಷರ. "ಮನೆ ಬಾತ್ಮಾಗೆ, ಒಂಬತ್ತು ವರ್ಷ ನನ್ನನ್ನು ಎತ್ತಿ ಕೂರಿಸಿದ್ದಾಳೆ. ಹೊಲ, ಕುರಿ ಮಗ ತಾಲಾಯ್‌ಗೆ. ಕಂದು ಕುದುರೆ ನನ್ನ ಕಿರಿಮಗಳು ಉಲ್ಪತ್‌ಗೆ." ಕೆಳಗೆ ಮೂವರು ಹಿರಿಯರ ಸಹಿ.

ಎಲ್ಲರೂ ಕಡಾಯಿ ಕಡೆ ನೋಡಿದರು. ಆ ದಿನ ಬೆಳಗ್ಗೆ ಕಡಿದದ್ದು ಕಂದು ಕುದುರೆಯನ್ನೇ.

"ಅಜ್ಜ, ನಿಮಗೆ ಗೊತ್ತಿತ್ತಲ್ಲ. ಕಡಿಯೋವಾಗ ಯಾಕೆ ಹೇಳ್ಲಿಲ್ಲ?" ಅಂತ ತಾಲಾಯ್ ಕೇಳಿದ.

"ನಲವತ್ತನೇ ದಿನ ಓದಿ ಅಂತ ನಿಮ್ಮಪ್ಪ ಹೇಳಿದ್ದ. ಊಟಕ್ಕೆ ಮುಂಚೆ ಅಂತ ಹೇಳಿರ್ಲಿಲ್ಲ."

ಇವತ್ತು ನಾನು, ತಾಲಾಯ್ ನರಿನ್ ಪೇಟೆಗೆ ಹೋಗಿ ನೋಟರಿಯಮ್ಮನಿಗೆ ಅದನ್ನು ತೋರಿಸಿದೆವು. ಆಕೆ ಹಾಳೆ ತಿರುಗಿಸಿ ಹಿಂದೆ ಏನಾದರೂ ಇದೆಯಾ ನೋಡಿದಳು. "ಇದು ವಿಲ್ ಅಲ್ಲಮ್ಮ. ನೋಟರಿ ಎದುರಿಗೆ ಆಗಿಲ್ಲ."

"ಮೂವರು ಹಿರಿಯರು ಸಹಿ ಹಾಕಿದಾರೆ ಮೇಡಂ," ಅಂದ ತಾಲಾಯ್.

"ಮೂವತ್ತು ಜನ ಹಾಕಿದ್ರೂ ಅಷ್ಟೇ."

ಹಿರಿಯರ ಮುಂದೆ ಆಡಿದ ಮಾತಿಗಿಂತ ದೊಡ್ಡ ಮುದ್ರೆ ಇನ್ನೊಂದಿದೆ ಅಂತ ಅಪ್ಪನಿಗೆ ಹೊಳೆದೇ ಇಲ್ಲ ನೋಡು. ಈಗ ಮನೆ, ಹೊಲ, ಕುರಿ ಎಲ್ಲವೂ ಮಕ್ಕಳಿಗೆ ಸಮಪಾಲು. ಸತ್ತ ದಿನದಿಂದ ಆರು ತಿಂಗಳೊಳಗೆ, ಅಂದರೆ ಮಾರ್ಚ್ ನಾಲ್ಕರೊಳಗೆ, ಎಲ್ಲ ಮುಗಿಸಬೇಕು. ನೋಟರಿಯಮ್ಮ "ಮಕ್ಕಳು ಎಷ್ಟು ಜನ?" ಅಂದಳು. ನಾನು ಮೂರು ಅಂದೆ. ತಾಲಾಯ್ ಕಿಟಕಿಯ ಹೊರಗೆ ನೋಡುತ್ತಿದ್ದ.

ನಿನ್ನ ಜನನಪತ್ರ, ಪಾಸ್‌ಪೋರ್ಟ್ ಎರಡರ ನಕಲೂ ಕಳಿಸು. ಒಣಮೊಸರಿನ ಉಂಡೆ ಇಟ್ಟಿದ್ದೇನೆ, ಎಲ್ಲವನ್ನೂ ಹೊಲಿಗೆ ಶೆಡ್ಡಿನ ಹುಡುಗಿಯರಿಗೆ ಹಂಚಿಬಿಡಬೇಡ.

ನಿನ್ನ ಅಕ್ಕ,
ಬಾತ್ಮಾ


ಬಿಷ್ಕೆಕ್
೨೬ ಅಕ್ಟೋಬರ್

ಅಕ್ಕ,

ನಕಲು ಎರಡೂ ಇದರೊಳಗಿವೆ. ಪೆನ್ನು ಹಿಡಿದು ಇಷ್ಟುದ್ದ ಬರೆದು ಎಷ್ಟು ವರ್ಷ ಆಯಿತೋ, ಬೆರಳು ನೋಯುತ್ತಿದೆ. ಇದರಲ್ಲಿ ಅಳಿಸುವ ಬಟನ್ ಇಲ್ಲ, ಹಾಗಾಗಿ ಬಂದದ್ದು ಬಂದ ಹಾಗೆ.

ನನ್ನ ಕುದುರೆ ಕಡಾಯಿಗೆ ಹೋಯಿತಾ. ನಾನೂ ತಿಂದೆನಲ್ಲ ಅಕ್ಕ. ನನ್ನ ಆಸ್ತಿಯನ್ನು ನಾನೇ ಈರುಳ್ಳಿ ಹಾಕಿಕೊಂಡು ತಿಂದೆ. ಹೊಲಿಗೆ ಶೆಡ್‌ನಲ್ಲಿ ಹೇಳಿದೆ, ಹುಡುಗಿಯರು ನಕ್ಕು ನಕ್ಕು ಒಬ್ಬಳು ಮೆಷಿನ್ನಿನ ಸೂಜಿ ಮುರಿದಳು. ನಾನೂ ನಕ್ಕೆ. ಆಮೇಲೆ ಟಾಯ್ಲೆಟ್ಟಿಗೆ ಹೋಗಿ ಸ್ವಲ್ಪ ಹೊತ್ತು ಕೂತಿದ್ದೆ.

ಯಾಕೆ ಎದ್ದು ಹೋದೆ ಅಂತ ನೀನು ಕೇಳಿಲ್ಲ. ಕೇಳುವುದಿಲ್ಲ ಅಂತಲೂ ಗೊತ್ತು. ಆದರೂ ಹೇಳುತ್ತೇನೆ. ಮಾಂಸ ಹಂಚುವಾಗ ಮನೆಯ ಹೆಣ್ಣುಮಕ್ಕಳಿಗೆ ಎದೆಯ ತುಂಡು. ನಿನಗೆ ಬಂತು. ನನ್ನ ಮುಂದೆ ಶಾರಾ ಅತ್ತಿಗೆ ಮೊಮ್ಮಕ್ಕಳ ತಟ್ಟೆ ತಂದಿಟ್ಟಳು, ಅವಳ, ತಾಲಾಯ್ ಅಣ್ಣನ ಮೂರು ಚಿಲ್ಟಾರಿಗಳ ಪಕ್ಕ. "ಇಲ್ಲೇ ಕೂತ್ಕೊಂಡು ತಿನ್ನಮ್ಮ, ಜಾಗ ಆಗುತ್ತೆ" ಅಂದಳು. ಸಿಹಿಯಾಗಿಯೇ ಅಂದಳು, ಅದೇ ಕಷ್ಟ. ಅಪ್ಪ ಹೋದಾಗ ಅವರನ್ನು ಮಲಗಿಸಿದ್ದ ಸಾವಿನ ಗುಡಾರದಲ್ಲಿ ಗೋಡೆಗೆ ಮುಖ ಮಾಡಿ ಕೂತು ಅವರ ಹೆಸರು ಹಿಡಿದು ಹಾಡಿ ಅತ್ತವರು ಇಬ್ಬರು ಹೆಣ್ಣುಮಕ್ಕಳು. ನೀನು, ನಾನು. ಅಲ್ಲಿ ಯಾರೂ ನನಗೆ ಬೇರೆ ತಟ್ಟೆ ಕೊಡಲಿಲ್ಲ.

ಇದನ್ನು ಒಂದೇ ಸಲ ಬರೆಯುತ್ತೇನೆ. ನೀನು ನನ್ನನ್ನು ಹೆತ್ತವಳು ಅಂತ ನನಗೆ ಹನ್ನೊಂದನೆಯ ವಯಸ್ಸಿನಿಂದ ಗೊತ್ತು. ಶಾಲೆಯಲ್ಲಿ ಜಗಳ ಆದಾಗ ಮಾಂಬೆತ್ ಅಜ್ಜನ ಮೊಮ್ಮಗಳು ಹೇಳಿದಳು. ಮೊದಲ ಮೊಮ್ಮಗು ಅಜ್ಜ-ಅಜ್ಜಿಯದು, ಅರ್ಧ ಊರು ಹಾಗೆಯೇ ಬೆಳೆದಿದೆ, ಅದರಲ್ಲೇನೂ ಇಲ್ಲ. ಆದರೆ ಬೇರೆ ಮನೆಗಳಲ್ಲಿ ಅದು ಬಾಯಿಮಾತು, ನಮ್ಮಲ್ಲಿ ಕಾಗದ. ಕಾಗದದಲ್ಲಿ ನನ್ನ ಅಪ್ಪ ಸಗಿನಾಲಿ, ಅಮ್ಮ ತುರ್ದುಕನ್, ನೀನು ಅಕ್ಕ. ಅಪ್ಪ ಒಂದು ದಿನವೂ ನನ್ನನ್ನು ಮೊಮ್ಮಗಳೇ ಅಂತ ಕರೆದವರಲ್ಲ. ನೋಟ್‌ಬುಕ್ಕಿನಲ್ಲೂ ಕಿರಿಮಗಳು ಅಂತಲೇ ಬರೆದಿದ್ದಾರಲ್ಲ. ನನಗೆ ಅದು ಸಾಕು.

ನಿನ್ನ ಉತ್ತರದಲ್ಲಿ ಇದರ ಬಗ್ಗೆ ಏನೂ ಬರೆಯಬೇಡ.

ಉಲ್ಪತ್


ಕಾರಾ-ಸೂ
೨೦ ನವೆಂಬರ್

ಉಲ್ಪತ್,

ನಕಲು ತಲುಪಿದವು. ಬರೆಯಬೇಡ ಅಂದದ್ದರ ಬಗ್ಗೆ ಬರೆಯುವುದಿಲ್ಲ. ನಿನ್ನ ಕಾಗದ ಹಿಟ್ಟಿನ ಡಬ್ಬದ ಕೆಳಗಿದೆ.

ಹಿಮ ಬಿತ್ತು. ಕಲ್ಲಿದ್ದಲು ಬಂತು, ಅರ್ಧ ಮಣ್ಣು. ಬೆಳಗ್ಗೆ ಎದ್ದವಳು ಇನ್ನೂ ಅಪ್ಪನಿಗೆ ಅಂತ ಮೊದಲ ಬಟ್ಟಲು ಚಹಾ ಬಗ್ಗಿಸುತ್ತೇನೆ. ಆಮೇಲೆ ಅದನ್ನೂ ನಾನೇ ಕುಡಿಯುತ್ತೇನೆ. ಅವರನ್ನು ಮಗ್ಗುಲಾಗಿಸಿ ಮಗ್ಗುಲಾಗಿಸಿ ನೋಯುತ್ತಿದ್ದ ಸೊಂಟ ಈಗ ಏನೂ ಎತ್ತದೆಯೂ ನೋಯುತ್ತದೆ.

ಕಳೆದ ವಾರ ಅಳತೆಯವನು ಬಂದಿದ್ದ. ಟೇಪು ಹಿಡಿದು ಕೋಣೆ ಕೋಣೆ ಅಳೆದ. ಈ ಮನೆಯನ್ನು ಎರಡು ಮಾಡಬಹುದಂತೆ, ಮೂರು ಮಾಡಲಾಗದಂತೆ. ಅಡುಗೆಮನೆ ಕಡೆ ಒಂದು ಬಾಗಿಲು, ಅಂಗಳದ ಕಡೆ ಒಂದು ಬಾಗಿಲು, ಎರಡೇ ಇರುವುದು. ಬಾಗಿಲಿಲ್ಲದ ಪಾಲನ್ನು ಯಾರ ಹೆಸರಿಗೂ ಬರೆಯುವಂತಿಲ್ಲ. ಮೂವರಿದ್ದು ಒಪ್ಪಂದ ಆಗದಿದ್ದರೆ ಮಾರಿ ಹಂಚಿಕೊಳ್ಳಬೇಕು.

ಅವನು ಹೋದ ಮೇಲೆ ತಾಲಾಯ್ ಬೂಟು ಬಿಚ್ಚದೆ ಹೊಸ್ತಿಲಲ್ಲೇ ಕೂತ.

"ಅಕ್ಕ, ಮೂರು ಪಾಲು ಅಂದ್ರೆ ಮನೆ ಹೋಯ್ತು. ಎರಡು ಅಂದ್ರೆ ಉಳೀತು. ಅಡುಗೆಮನೆ ಕಡೆ ಎರಡು ಕೋಣೆ ನಿಂಗೆ, ನಿನ್ನ ಹೆಸರಲ್ಲೇ. ಅಂಗಳದ ಕಡೆ ನಂಗೆ. ಹೊಲ, ಕುರಿ ನಾನು ನೋಡ್ಕೋತೀನಿ. ನಾನು ಒಬ್ನೇ ಮಗ ಅಕ್ಕ. ಅಪ್ಪನ ಒಲೆ ಆರಿಸ್ದೋನು ಅಂತ ನಾಳೆ ನನ್ನ ಮಕ್ಕಳಿಗೆ ಯಾರೂ ಅನ್ನಬಾರದು."

"ಮೂರನೇದು?" ಅಂದೆ.

ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಮೂರನೇದು ಇಲ್ಲ ಅಂತ ನಿಂಗೂ ಗೊತ್ತು."

ವಕೀಲನನ್ನು ಕೇಳಿಕೊಂಡೇ ಬಂದಿದ್ದ. ಜನನಪತ್ರದಲ್ಲಿರುವ ತಂದೆತಾಯಿಯ ಹೆಸರನ್ನು ಬದಲಾಯಿಸಬಹುದಂತೆ. ಆದರೆ ಬೇರೆ ಯಾರೂ ಕೇಳುವಂತಿಲ್ಲ. ಹೆತ್ತವಳೇ ಬಂದು ನಾನು ಹೆತ್ತವಳು ಅಂತ ಅರ್ಜಿ ಕೊಡಬೇಕಂತೆ. ಮಗು ದೊಡ್ಡದಾಗಿದ್ದರೆ ಅದರ ಒಪ್ಪಿಗೆಯ ಸಹಿಯೂ ಬೇಕಂತೆ. ಇಲ್ಲವಾದರೆ ಉಲ್ಪತ್ ತಾನಾಗಿ ಪಾಲು ಬೇಡ ಅಂತ ಬರೆದುಕೊಡಲಿ ಅಂದ. ಎರಡರಲ್ಲಿ ಒಂದು.

"ನಾನೇನು ಸುಳ್ಳು ಹೇಳು ಅಂತಿದ್ದೀನಾ ಅಕ್ಕ? ನಿಜ ಹೇಳು ಅಂತಿದ್ದೀನಿ. ಒಂದೇ ಒಂದ್ಸಲ."

ಆಗ ನನಗೆ ಏನಾಯಿತು ಅಂತ ಬರೆಯಲು ಬರುವುದಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು ಅಂತ ಮಾತ್ರ ಬರೆಯಬಲ್ಲೆ.

ಗಂಡನ ಮನೆ ಬಿಟ್ಟು ಬಂದು ಹದಿನೇಳು ವರ್ಷ. ಈ ಮನೆ ಬಿಟ್ಟರೆ ನನಗೆ ಹೋಗಲು ಜಾಗವಿಲ್ಲ, ಅದು ನಿನಗೂ ಗೊತ್ತು. ಹಾಗಂತ ನಿನ್ನ ಮೇಲೆ ಹೇರುತ್ತಿಲ್ಲ. ಏನೆನ್ನುತ್ತೀಯ ಬರೆ. ದಪ್ಪ ಕಾಲುಚೀಲ ಇಟ್ಟಿದ್ದೇನೆ.

ನಿನ್ನ ಅಕ್ಕ,
ಬಾತ್ಮಾ


ಬಿಷ್ಕೆಕ್
೩ ಡಿಸೆಂಬರ್

ಅಕ್ಕ,

ಮೂರು ಸಲ ಬರೆದು ಹರಿದೆ. ಇದು ನಾಲ್ಕನೆಯದು, ಹೇಗಿದ್ದರೂ ಕಳಿಸುತ್ತೇನೆ.

ಪಾಲು ಬೇಡ ಅಂತ ನಾನಾಗಿ ಬರೆದುಕೊಡುವುದಿಲ್ಲ. ಹೊಲದ ಆಸೆಯಿಂದಲ್ಲ, ಕುರಿ ಹತ್ತಿರ ಬಂದರೆ ಸೀನುವವಳು ನಾನು. ಆದರೆ ಅಪ್ಪ ಹೋಗಿ ಮೂರು ತಿಂಗಳಾಗಿಲ್ಲ, ಆಗಲೇ ನನ್ನ ಕೈಯಿಂದಲೇ ನಾನು ಅವರ ಮಗಳಲ್ಲ ಅಂತ ಒಪ್ಪಿಸಿದ ಹಾಗಾಗುತ್ತದೆ. ಶಾರಾ ಅತ್ತಿಗೆಯ ತಟ್ಟೆಗೆ ನಾನೇ ಹೋಗಿ ಕೈ ಹಾಕಿದ ಹಾಗೆ. ಆಗುವುದಿಲ್ಲ.

ನಿನ್ನ ಅರ್ಜಿಗೆ ಒಪ್ಪಿಗೆ ಕೊಡುತ್ತೇನೆ. ತಾಲಾಯ್ ಅಣ್ಣ ಫೋನಿಗೆ ಕಳಿಸಿದ್ದ ಕಾಗದವನ್ನು ಪ್ರಿಂಟ್ ತೆಗೆಸಿ ಸಹಿ ಹಾಕಿ ಇದರ ಜೊತೆ ಇಟ್ಟಿದ್ದೇನೆ. ನಿನ್ನ ತಲೆಯ ಮೇಲಿನ ಮಾಡು ಹೋಗುವುದು ನನಗೆ ಬೇಡ.

ಆದರೆ ಒಂದು ಮಾತು. ನನಗೆ ಏಳು ವರ್ಷ ಇದ್ದಾಗ ನೀನು ಗಂಡನ ಮನೆಯಿಂದ ವಾಪಸ್ ಬಂದೆ. ಆಗಿಂದ ನನ್ನ ಜಡೆ ಹಾಕಿದ್ದು ನೀನು. ಜ್ವರ ಬಂದಾಗ ನನ್ನ ಕಾಲಿಗೆ ಕುರಿಕೊಬ್ಬು ಸವರಿದ್ದು ನೀನು. ಹನ್ನೊಂದನೆಯ ವಯಸ್ಸಿನಲ್ಲಿ ಆ ಮಾತು ಕೇಳಿ ಮನೆಗೆ ಓಡಿ ಬಂದೆ, ನೀನು ಬೆಣ್ಣೆ ಕಡೆಯುತ್ತಿದ್ದೆ. ಬಾಗಿಲಲ್ಲಿ ನಿಂತು ನೋಡಿದೆ. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಅಂತ. ನೀನು "ಬಾಗಿಲು ಹಾಕೇ, ಚಳಿ ಬರುತ್ತೆ" ಅಂದೆ.

ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಈಗ ಒಂದು ಗೋಡೆಗೋಸ್ಕರ ಗುಮಾಸ್ತನ ಮುಂದೆ ಹೇಳುತ್ತೀಯ. ಹೇಳು. ನಗಬೇಡ, ನಾನು ಆ ದಿನ ಅಲ್ಲಿ ಇರಬೇಕಿತ್ತು ಅನ್ನಿಸುತ್ತಿದೆ. ಯಾರ ಹತ್ತಿರ ಹೇಳಿದರೂ ಸರಿ, ಒಂದು ಸಲ ಕಿವಿಯಾರೆ ಕೇಳಬೇಕಿತ್ತು.

ಕಾಲುಚೀಲ ಬೆಚ್ಚಗಿದೆ.

ಉಲ್ಪತ್


ಕಾರಾ-ಸೂ
೮ ಜನವರಿ ೨೦೨೩

ಉಲ್ಪತ್,

ದೊಲೋನ್ ಘಾಟಿಯ ದಾರಿಯಲ್ಲಿ ಹಿಮ ಬಿದ್ದು ಸತಾರಣ್ಣನ ವ್ಯಾನು ಎರಡ್ಮೂರು ವಾರ ನಿಂತಿತ್ತು. ಅದಕ್ಕೇ ತಡ. ಫೆಬ್ರವರಿ ಹದಿನೈದಕ್ಕೆ ನರಿನ್‌ನಲ್ಲಿ ಅರ್ಜಿ ಕೊಡುವುದು ಅಂತ ತಾಲಾಯ್ ಗೊತ್ತುಮಾಡಿದ್ದಾನೆ.

ನೀನು ಬರೆದದ್ದಕ್ಕೆ ಉತ್ತರ ಬರೆಯಲು ಕೂತೆ. ಬರಲಿಲ್ಲ. ಬೆಣ್ಣೆ ಇಟ್ಟಿದ್ದೇನೆ, ಒಂದು ಮಡಕೆ. ತಾಲಾಯ್ ಚೀಟಿಯೂ ಇದೆ, ನಾನು ಓದಿಲ್ಲ.

ಬಾತ್ಮಾ

ಉಲ್ಪತ್,

ಏನಂತ ಶುರು ಮಾಡಲಿ ಅಂತ ಗೊತ್ತಾಗಲಿಲ್ಲ. ತಂಗಿ ಅಂತ ಬರೆದೆ, ಹೊಡೆದು ಹಾಕಿದೆ. ಇನ್ನೊಂದು ಬರೆದೆ, ಅದನ್ನೂ ಹೊಡೆದು ಹಾಕಿದೆ. ನಿನ್ನನ್ನು ಕುದುರೆಯ ಮೇಲೆ ಮುಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟವನು ನಾನು. ಆಗ ನಾನೂ ಕಾಗದ ಕೇಳಲಿಲ್ಲ, ನೀನೂ ಕೇಳಲಿಲ್ಲ. ಈಗ ಬಾಡಿಗೆ ಮನೆ, ಮೂರು ಮಕ್ಕಳು, ದಿನವಿಡೀ ಬೇರೆಯವರ ಟೈರಿಗೆ ಪಂಚರ್ ಹಾಕುತ್ತೇನೆ. ಕೆಟ್ಟವನು ಅಂದುಕೊಂಡರೆ ಅಂದುಕೋ.

ಒಪ್ಪಿಗೆ ಕಾಗದದ ಎರಡನೆಯ ಪುಟಕ್ಕೂ ಸಹಿ ಬೇಕು. ಮರೆತಿದ್ದೀಯ. ಹಾಕಿ ಕಳಿಸು.

ತಾಲಾಯ್


ಕಾರಾ-ಸೂ
೧೭ ಫೆಬ್ರವರಿ

ಉಲ್ಪತ್,

ಮೊನ್ನೆ ನರಿನ್‌ಗೆ ಹೋಗಿ ಬಂದೆವು. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಅಮ್ಮನ ದೊಡ್ಡ ಶಾಲು ಹೊದ್ದಿದ್ದೆ. ದಾರಿಯಲ್ಲೆಲ್ಲ ಹೇಳಬೇಕಾದ ಮಾತನ್ನು ಬಾಯೊಳಗೇ ಹೇಳಿ ನೋಡಿಕೊಂಡೆ. ಎರಡೇ ಪದ. ಹೇಳಿಕೊಂಡ ಹಾಗೆಲ್ಲ ಮೈ ಬಿಸಿಯಾಗುತ್ತಿತ್ತು, ತಾಲಾಯ್ ಕಾರಿನ ಹೀಟರ್ ಇರಬೇಕು ಅಂದುಕೊಂಡೆ. ಅದು ಕೆಟ್ಟು ಒಂದು ವಾರ ಆಗಿತ್ತು ಅಂತ ಆಮೇಲೆ ಗೊತ್ತಾಯಿತು. ಮುಚ್ಚಿಡುವುದಿಲ್ಲ, ನನಗೆ ಖುಷಿಯೇ ಆಗಿತ್ತು. ಹಬ್ಬಕ್ಕೆ ಹೊರಟವಳ ಹಾಗೆ ಹೊರಟಿದ್ದೆ.

ಕಚೇರಿಯಲ್ಲಿ ಚಿಕ್ಕ ವಯಸ್ಸಿನ ಹೆಂಗಸು, ಬೆರಳಿಗೆ ಬಣ್ಣ ಹಚ್ಚಿದವಳು. ಅರ್ಜಿ ಓದಿ ಹೊಸ ನಮೂನೆ ತೆಗೆದಳು.

"ತಾಯಿ ಅಂತ ಇರೋ ಕಡೆ ತುರ್ದುಕನ್ ಹೋಗುತ್ತೆ, ನಿಮ್ಮ ಹೆಸರು ಬರುತ್ತೆ. ಸರೀನಾ?"

ನಾನು ತಲೆಯಾಡಿಸಿದೆ.

"ತಂದೆ ಅಂತ ಇರೋ ಕಡೆ ಸಗಿನಾಲಿ ಹೋಗುತ್ತೆ. ಅಲ್ಲಿ ಯಾರ ಹೆಸರು?"

ನಾನು ಶಾಲಿನ ಅಂಚು ಎಳೆದು ಹೊದ್ದುಕೊಂಡೆ.

"ಅಕ್ಕಾ, ತಂದೆ ಹೆಸರು?"

"ಯಾಕೆ ಬೇಕು ಅದು?" ಅಂತ ತಾಲಾಯ್ ಕೇಳಿದ. ಅವನಿಗೂ ಇದು ಹೊಳೆದಿರಲಿಲ್ಲ ಅಂತ ಕಾಣುತ್ತೆ, ಮುಖ ಕೆಂಪಾಯಿತು.

"ಗೊತ್ತಿಲ್ದಿದ್ರೆ ತೊಂದ್ರೆ ಇಲ್ಲ. ಗೆರೆ ಎಳೀತೀವಿ. ಹುಡುಗಿ ಹೆಸರಿನ ಮುಂದೆ ಅಪ್ಪನ ಹೆಸರು ಇರೋದಿಲ್ಲ, ಅಷ್ಟೇ." ಆಗಲೇ ಸ್ಕೇಲು ತೆಗೆದು ಹಾಳೆಯ ಮೇಲಿಟ್ಟಿದ್ದಳು.

ಉಲ್ಪತ್, ನೀನು ಹುಟ್ಟಿದ ವರ್ಷ ನೌರೂಜ್ ಹೊಸವರ್ಷದ ಹಬ್ಬದ ಮರುದಿನ ಅಪ್ಪ ಬಿಳಿ ಟೋಪಿ ಹಾಕಿಕೊಂಡು, ಒಳ್ಳೆ ಕುರಿಗಾಹಿ ಅಂತ ಸರ್ಕಾರ ಕೊಟ್ಟ ಪದಕ ಕೋಟಿಗೆ ಸಿಕ್ಕಿಸಿಕೊಂಡು, ಹಿಮದಲ್ಲಿ ನಡೆದು ಊರಿನ ಕಚೇರಿಗೆ ಹೋಗಿದ್ದರು. ನಾನು ಒಳಕೋಣೆಯಲ್ಲಿ ಮಲಗಿದ್ದೆ, ಇನ್ನೂ ಮದುವೆಯಾಗಿರಲಿಲ್ಲ. ಅಲ್ಲಿ ಆದದ್ದನ್ನು ಅಮ್ಮ ನನಗೆ ಎಷ್ಟೋ ವರ್ಷದ ಮೇಲೆ ಹೇಳಿದಳು. ಆ ಗುಮಾಸ್ತನೂ ಇದನ್ನೇ ಕೇಳಿದ್ದನಂತೆ, ತಂದೆಯ ಜಾಗದಲ್ಲಿ ಗೆರೆ ಎಳೆಯಲಾ ಅಂತ. "ನನ್ನ ಮನೇಲಿ ಹುಟ್ಟಿದ ಮಗುಗೆ ಗೆರೆ ಯಾಕಯ್ಯಾ? ನಾನು ಸತ್ತಿದ್ದೀನಾ? ನನ್ನ ಹೆಸರು ಬರಿ" ಅಂದರಂತೆ ಅಪ್ಪ. ಮನೆಗೆ ಬಂದು ಟೋಪಿ ತೆಗೆದು ಚಹಾ ಕೇಳಿದರು. ಅದರ ಬಗ್ಗೆ ಮತ್ತೆ ಮಾತಿಲ್ಲ.

ಈಗ ಅಪ್ಪ ಸತ್ತಿದ್ದಾರೆ. ಹಾಗಂತ ಗೆರೆ ಎಳೆಸಲಾ.

ನಾನು ಸ್ಕೇಲಿನ ಮೇಲೆ ಕೈ ಇಟ್ಟೆ.

"ಏನಕ್ಕಾ?"

"ತಪ್ಪಾಗಿದೆ," ಅಂದೆ.

"ಏನು ತಪ್ಪಾಗಿದೆ? ಅರ್ಜೀಲಿ ನೀವೇ ಹೆತ್ತಿದ್ದು ಅಂತ ಇದೆ. ಹೆತ್ತಿದ್ದೀರೋ ಇಲ್ವೋ?"

ಅವಳಿಗೆ ಏನೂ ಗೊತ್ತಿಲ್ಲ ಪಾಪ, ಊಟದ ಹೊತ್ತಾಗಿತ್ತು. ನಾನು ಹೇಳಿದೆ, "ಇಲ್ಲ. ಅವಳು ಸಗಿನಾಲಿಯ ಮಗಳು. ನನ್ನ ತಂಗಿ."

ನೀನು ಕಿವಿಯಾರೆ ಕೇಳಬೇಕು ಅಂದಿದ್ದೆ. ನಾನು ಹೇಳಿಬಂದದ್ದು ಇದು. ನೀನು ಅಲ್ಲಿ ಇರಲಿಲ್ಲ, ಒಳ್ಳೆಯದೇ ಆಯಿತು ಅನ್ನಲಾ, ಗೊತ್ತಾಗುತ್ತಿಲ್ಲ.

ವಾಪಸ್ ಬರುವಾಗ ಅರ್ಧ ದಾರಿಯವರೆಗೆ ತಾಲಾಯ್ ಗಾಜಿನ ಮಂಜು ಒರೆಸುತ್ತಲೇ ಇದ್ದ. ಆಮೇಲೆ, "ನಿಜ ಹೇಳಕ್ಕೆ ಕರ್ಕೊಂಡು ಹೋದೆ. ಸುಳ್ಳು ಹೇಳಿ ಬಂದೆ ನೀನು."

"ಹೂಂ."

"ಇನ್ನು ಮನೆ ಮಾರಬೇಕಾಗುತ್ತೆ ಅಕ್ಕ."

"ಮಾರು."

"ಎಲ್ಲಿಗೆ ಹೋಗ್ತೀಯ?"

"ಗೊತ್ತಿಲ್ಲ ಕಣೋ. ಈಗ ಮನೆಗೆ ಬಿಡು."

ಕಾರು ನಿಲ್ಲಿಸಿ ಹಿಂದಿನಿಂದ ಕುರಿಚರ್ಮ ತೆಗೆದು ನನ್ನ ಕಾಲ ಮೇಲೆ ಹಾಕಿದ. ಬಯ್ಯುತ್ತಲೇ ಹಾಕಿದ.

ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯಲು ಜನ ಬೇಕಂತೆ, ಹಿಂದೆ ಒಂದು ಕೋಣೆಯೂ ಇದೆಯಂತೆ. ಕೇಳಬೇಕು. ನಾಳೆ ಕೇಳುತ್ತೇನೆ, ಇವತ್ತು ಆಗುತ್ತಿಲ್ಲ.

ನಿನ್ನ ಅಕ್ಕ,
ಬಾತ್ಮಾ


ಬಿಷ್ಕೆಕ್
೫ ಮಾರ್ಚ್

ಅಕ್ಕ,

ಮೊನ್ನೆ ನೋಟರಿ ಕಚೇರಿಯ ಬೆಂಚಿನ ಮೇಲೆ ನಾನೂ ನೀನೂ ಪಕ್ಕಪಕ್ಕ ಕೂತಿದ್ದೆವು. ಇಪ್ಪತ್ತು ನಿಮಿಷ. ನೀನು ದಾರಿ ಹೇಗಿತ್ತು ಅಂದೆ. ನಾನು ಜಾರುತ್ತಿತ್ತು ಅಂದೆ. ಇಷ್ಟೇ ಮಾತಾಡಿದ್ದು. ಅದಕ್ಕೇ ಮತ್ತೆ ಕಾಗದ.

ಇದೆಲ್ಲ ಹೇಗಾಯಿತು ಅಂತ ನಿನಗೆ ಯಾರೂ ಪೂರ್ತಿ ಹೇಳಿರಲಿಕ್ಕಿಲ್ಲ. ನಿನ್ನ ಕಾಗದವನ್ನು ಶೆಡ್‌ನಲ್ಲಿ ಕಟಿಂಗ್ ಟೇಬಲ್ ಕೆಳಗೆ ಕೂತು ಓದಿದೆ. ಓದಿ ಮುಗಿಸಿ ಮತ್ತೆ ಮೊದಲಿಂದ ಓದಿದೆ. ಸ್ಕೇಲಿನ ಮೇಲೆ ಕೈ ಇಟ್ಟೆ ಅಂತ ಬರೆದಿದ್ದೀಯಲ್ಲ, ಅಲ್ಲಿಗೆ ಬಂದಾಗಲೆಲ್ಲ ನಿಂತುಬಿಡುತ್ತಿದ್ದೆ. ಆಮೇಲೆ ತಾಲಾಯ್ ಅಣ್ಣನಿಗೆ ಫೋನ್ ಮಾಡಿದೆ.

"ಅಣ್ಣ, ನನ್ನ ಪಾಲು ನೀನೇ ತಗೋ."

ಆ ಕಡೆ ಪಂಪಿನ ಸದ್ದು ನಿಂತಿತು. "ಏನೇ? ಅವತ್ತು ಬಿಡಲ್ಲ ಅಂದಿದ್ದೆ."

"ಅವತ್ತು ಬಿಟ್ಟಿದ್ರೆ ಮಗಳಲ್ಲ ಅಂತ ಬಿಟ್ಟ ಹಾಗಾಗ್ತಿತ್ತು. ಈಗ ಮಗಳಾಗಿ ಬಿಡ್ತಿದ್ದೀನಿ. ತಂಗಿ ಅಣ್ಣನಿಗೆ ಕೊಡ್ತಿದ್ದಾಳೆ. ಬೇಕಾ ಬೇಡ್ವಾ?"

"ಬದಲಿಗೆ ಏನು ಕೇಳ್ತೀಯ?"

"ಅಕ್ಕನಿಗೆ ಅಡುಗೆಮನೆ ಕಡೆ ಎರಡು ಕೋಣೆ, ಬಾಗಿಲ ಸಮೇತ. ಅವಳ ಹೆಸರಲ್ಲಿ. ನೀನೇ ಹೇಳಿದ್ದಲ್ಲ."

"ಅಷ್ಟೇನಾ?"

"ಇನ್ನೊಂದು. ಕುದುರೆ ತಿಂದ್ರಿ, ಜೀನು ಇದೆಯಲ್ಲ. ಅಪ್ಪನ ಜೀನು ನಂಗೆ ಬೇಕು. ಬಾಯಲ್ಲಿ ಅಲ್ಲ, ಒಪ್ಪಂದದ ಕಾಗದದಲ್ಲಿ ಬರೀಬೇಕು. ಸಗಿನಾಲಿಯ ಮಗಳು ಉಲ್ಪತ್‌ಗೆ ಜೀನು ಅಂತ."

ಅಣ್ಣ ಸ್ಪ್ಯಾನರ್ ಕೆಳಗಿಟ್ಟ ಸದ್ದು ಕೇಳಿತು. ಆಮೇಲೆ, "ಅದರ ಹೊಟ್ಟೆಪಟ್ಟಿ ಕಿತ್ತೋಗಿದೆ ಕಣೇ, ಹೊಲಿಸಿ ಕೊಡ್ತೀನಿ" ಅಂದ. ಪಂಪಿನ ಸದ್ದು ಮತ್ತೆ ಶುರುವಾಯಿತು.

ಹೀಗೆ ಗಡುವಿಗೆ ಎರಡು ದಿನ ಇರುವಾಗ ಮೂವರೂ ಸಹಿ ಹಾಕಿದೆವು. ಜೀನಿನ ವಿಷಯ ಓದುವಾಗ ನೋಟರಿಯಮ್ಮ ನಕ್ಕಳು, ನೀನು ನಗಲಿಲ್ಲ. ಸಂಬಂಧ ಅಂತ ಇದ್ದ ಕಡೆ ನನಗೆ ಮಗಳು ಅಂತ ಬರೆದಳು, ನಿನಗೂ ಮಗಳು ಅಂತ ಬರೆದಳು. ಒಂದರ ಕೆಳಗೆ ಒಂದು. ಅದನ್ನು ಫೋಟೋ ತೆಗೆದುಕೊಂಡಿದ್ದೇನೆ, ಯಾರಿಗೂ ಕಳಿಸಿಲ್ಲ.

ನನಗೆ ಸಿಟ್ಟಿಲ್ಲ. ನೀನು ಇಲ್ಲ ಅಂದದ್ದಕ್ಕೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಯಾಕೆ ಅಂತ ಬರೆಯಲು ಹೋದರೆ ಉದ್ದವಾಗುತ್ತದೆ.

ಬೆಂಚಿನ ಮೇಲೆ ಕೇಳಬೇಕು ಅಂತ ಇದ್ದದ್ದು ಒಂದು. ಜನನಪತ್ರದಲ್ಲಿ ತಾರೀಖು ಇದೆ, ಗಂಟೆ ಇಲ್ಲ. ತೂಕ ಇಲ್ಲ. ಬೇರೆ ಹುಡುಗಿಯರಿಗೆಲ್ಲ ಗೊತ್ತಿರುತ್ತದೆ, ಮಾತಿಗೆ ಹೇಳುತ್ತಿರುತ್ತಾರೆ. ನಾನು ಎಷ್ಟು ಹೊತ್ತಿಗೆ ಹುಟ್ಟಿದೆ ಅಂತ ಊರಲ್ಲಿ ಯಾರಿಗಾದರೂ ಗೊತ್ತಿದೆಯಾ? ವಿಚಾರಿಸಿ ಬರೆಯುತ್ತೀಯಾ? ಅವಸರವಿಲ್ಲ.

ನಿನ್ನ ತಂಗಿ,
ಉಲ್ಪತ್


ಕಾರಾ-ಸೂ
೧೨ ಮಾರ್ಚ್

ಉಲ್ಪತ್,

ತಾಲಾಯ್ ಮತ್ತು ಶಾರಾ ಸಾಮಾನು ತಂದರು. ಅಂಗಳದ ಕಡೆ ಮೂರು ಮಕ್ಕಳ ಗಲಾಟೆ, ತಲೆನೋವು. ನಡುವಿನ ಗೋಡೆ ಎದ್ದಿದೆ, ಇನ್ನೂ ಹಸಿ, ಕೋಣೆಯೆಲ್ಲ ಮಣ್ಣಿನ ವಾಸನೆ. ಶಾರಾ ಗೋಡೆಯ ಆ ಕಡೆಯಿಂದಲೇ "ಅತ್ತಿಗೆ, ಉಪ್ಪಿದೆಯಾ?" ಅಂತ ಕೂಗುತ್ತಾಳೆ, ಎದ್ದು ಬರುವುದಿಲ್ಲ. ಶಾಲೆಯ ಪಾತ್ರೆ ಕೆಲಸಕ್ಕೂ ಸೇರಿದೆ, ಬೆಳಗ್ಗೆ ಮಾತ್ರ. ಜೀನು ರಿಪೇರಿಯಾಗಿ ನನ್ನ ಹಾಸಿಗೆಯ ಪಕ್ಕ ಇದೆ.

ನೀನು ಕೇಳಿದ್ದನ್ನು ವಿಚಾರಿಸಿದೆ. ಸೂಲಗಿತ್ತಿ ತೀರಿಕೊಂಡು ಎಂಟು ವರ್ಷ. ಅಮ್ಮ ಇಲ್ಲ, ಅಪ್ಪ ಇಲ್ಲ. ಗೊತ್ತಿರುವವರು ಊರಲ್ಲಿ ಒಬ್ಬರೇ ಉಳಿದಿದ್ದಾರೆ. ಅವರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

ಬೆಳಗ್ಗೆ ಆರು ದಾಟಿ ಹತ್ತು ನಿಮಿಷವಂತೆ. ರೇಡಿಯೋದಲ್ಲಿ ವಾರ್ತೆ ಬರುತ್ತಿತ್ತಂತೆ, ಅಮ್ಮ ಅದನ್ನು ಆರಿಸಲು ಹೋದಾಗಲೇ ಮಗು ಬಂತಂತೆ. ಅತ್ತದ್ದು ಸ್ವಲ್ಪವೇ. ಉಣ್ಣೆ ತೂಗುವ ತಕ್ಕಡಿಯಲ್ಲಿ ಅಪ್ಪನೇ ಇಟ್ಟು ತೂಗಿದರಂತೆ, ಮೂರು ಕಿಲೋ ಇನ್ನೂರು. ಇನ್ನೂರು ಗ್ರಾಂ ಕಂಬಳಿಯದು ಅಂತ ಅಮ್ಮ, ಅಲ್ಲ ಮಗುವಿನದೇ ಅಂತ ಅಪ್ಪ, ಇಬ್ಬರೂ ವಾದ ಮಾಡಿದರಂತೆ. ಎಡಕಿವಿ ಮಡಚಿಕೊಂಡಿತ್ತಂತೆ, ಎರಡನೆಯ ದಿನ ತಾನಾಗಿ ಬಿಚ್ಚಿಕೊಂಡಿತಂತೆ.

ಇನ್ನೂ ಒಂದು ಹೇಳಿದರು. ಜನನಪತ್ರದಲ್ಲಿ ಮಾರ್ಚ್ ಇಪ್ಪತ್ತೆರಡು ಅಂತ ಇದೆಯಲ್ಲ, ಅದು ಅಪ್ಪ ಕಚೇರಿಗೆ ಹೋದ ದಿನ. ನಡುವೆ ಹಬ್ಬದ ರಜೆ ಇತ್ತು, ಗುಮಾಸ್ತ ಆ ದಿನದ ತಾರೀಖನ್ನೇ ಬರೆದುಕೊಂಡ. ಮಗು ಹುಟ್ಟಿದ್ದು ಹತ್ತೊಂಬತ್ತಕ್ಕೆ. ನಡುವಿನ ಮೂರು ದಿನ ಅದು ಯಾವ ಕಾಗದದಲ್ಲೂ ಇರಲಿಲ್ಲ, ಯಾರ ಹೆಸರಲ್ಲೂ ಇರಲಿಲ್ಲ. ಒಳಕೋಣೆಯಲ್ಲಿ, ನನ್ನ ಮಗ್ಗುಲಲ್ಲಿ ಇತ್ತು.

ಈ ಸಲ ಹತ್ತೊಂಬತ್ತು ಭಾನುವಾರ ಬಂದಿದೆ. ಶೆಡ್ಡಿಗೆ ರಜೆಯಲ್ಲವೇ. ಇಪ್ಪತ್ತೆರಡಕ್ಕೆ ಎಲ್ಲರೂ ಇರುತ್ತಾರೆ, ನೀನು ಹತ್ತೊಂಬತ್ತಕ್ಕೇ ಬಾ. ಸತಾರಣ್ಣನಿಗೆ ಹೇಳಿದ್ದೇನೆ. ಅಡುಗೆಮನೆ ಕಡೆಯ ಬಾಗಿಲಿಗೆ ಬಾ. ಹೊಸ ಗೋಡೆಯಿಂದ ಚೌಕಟ್ಟು ಸ್ವಲ್ಪ ಬಿಗಿಯಾಗಿದೆ, ಜೋರಾಗಿ ತಳ್ಳು. ಚಳಿ ಒಳಗೆ ಬಂದರೆ ಬರಲಿ.

ಬಾತ್ಮಾ